ಕಿಣ್ವ ಕಾಪಾಡಿದೋರು ಯಾರು?

ಹೆಪ್ಪು, ಹುಳಿ, ಹುದುಗು ಅಂತ ಹೆಸರು ಏನೇ ಇರ್ಲಿ, ಕೆಲಸ ಒಂದೇ. ಹಳೇದ್ರಾಗೆ ಒಂಚೂರು ಉಳಿಸ್ಕಂಡು ಹೊಸದಕ್ಕೆ ಸೇರ್ಸೋದು. ನಮ್ಮ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆ ಹುಳಿ ಅಂಬ್ಲಿ ಗಡಿಗೇನ ಪೂರ್ತಿ ತಿಕ್ಕಿ ತೊಳೀತಿರ್ಲಿಲ್ಲ. ತಳಕ್ಕಂಟಿದ ಹುಳೀನೇ ನಾಳೆ ಅಂಬ್ಲಿಗೆ ಬೀಜ. ಈಚಲ ಮರಕ್ಕೆ ಗಡಿಗೆ ಕಟ್ಟೋರದ್ದೂ ಅದೇ ಲೆಕ್ಕ. ಹಳೇ ಗಡಿಗೆ ಕಟ್ಟಿದ್ರೆ ಇಳಿಸೋ ಹೊತ್ಗೆ ನೊರೆ ಹೆಂಡ, ಒಳಗೆ ಸುಣ್ಣ ಬಳಿದು ಕಟ್ಟಿದ್ರೆ ಸಿಹಿ ನೀರಾ.

ಹೆಂಡದ ಮಾತು ಯಾಕಮ್ಮ ಅಂತ ಮುಖ ಸಿಂಡ್ರಿಸ್ಬ್ಯಾಡ್ರಿ. ಕುಡಿತಕ್ಕೆ ಹಾಳಾದ ಮನೆ ನಮ್ಮ ಬೀದೀಲೂ ಐತೆ. 2007ರ ಜುಲೈ 1ಕ್ಕೆ ಸಾರಾಯಿ ನಿಂತಾಗ ನಮಗೆಲ್ಲ ಉಸಿರು ಬಂದಂಗಾಗಿತ್ತು. ಆದ್ರೆ ಕುಡಿತ ಬ್ಯಾರೆ, ಹುದುಗಿಸೋ ವಿದ್ಯೆ ಬ್ಯಾರೆ. ಆ ವಿದ್ಯೇಲಿ ಹೆಂಗಸ್ರ ಕೈ ಇತ್ತು ಅನ್ನೋಕೆ ಹಳೇ ಪುಸ್ತಕದ ಸಾಕ್ಷೀನೇ ಐತೆ.

ಮೈಸೂರಿನ ಓರಿಯೆಂಟಲ್ ಲೈಬ್ರರೀಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಗುರುತು ಹಿಡಿದು, 1909ರಲ್ಲಿ ಅಚ್ಚು ಹಾಕಿಸಿದ್ರು. ಅದ್ರಾಗೆ ಸುರೆಯ ಅಧ್ಯಾಯ ಒಂದೈತೆ. ಸುರೆಗೆ ಹಾಕೋ ಹುದುಗಿನ ಹೆಸರು ಕಿಣ್ವ. ಒಂದು ದ್ರೋಣ ರುಬ್ಬಿದ ಉದ್ದು, ಅದಕ್ಕಿಂತ ಮೂರನೇ ಒಂದು ಪಾಲು ಜಾಸ್ತಿ ಅಕ್ಕಿ, ಜತೆಗೆ ಒಂದಿಷ್ಟು ಗಿಡಮೂಲಿಕೆ. ಉದ್ದು, ಅಕ್ಕಿ! ನಮ್ಮ ಇಡ್ಲಿ ಹಿಟ್ಟಿನ ಸಾಮಾನೇ ಅಲ್ವೇನ್ರಿ? ಈ ಕಿಣ್ವಕ್ಕೆ ಬೇಕಾದ್ದನ್ನ ಹುಡುಕಿ ಆರಿಸೋ ಕೆಲಸ ಹೆಂಗಸ್ರು, ಮಕ್ಕಳು ಮಾಡ್ಬೇಕು ಅಂತ ಅದ್ರಾಗೇ ಬರ್ದೈತೆ. ಮನೆ ಕಾರ್ಯಗಳಿಗೆ ಸಂಸಾರಸ್ಥರು ಬಿಳಿ ಸುರೆ ಮಾಡ್ಕಬೋದು ಅಂತಾನೂ ಐತೆ. ನಾನು ಪಿಯುಸಿಲಿ ಕಿಣ್ವ ಅಂದ್ರೆ ಎನ್‌ಜೈಮು ಅಂತ ಬಾಯಿಪಾಠ ಮಾಡಿದ್ದೆ. ಆ ಪದ ಸುರೆ ಗಡಿಗೆಯಿಂದ ಎದ್ದು ಬಂದಿದ್ದು ಅಂತ ಆಗ ಯಾರೂ ಹೇಳಿರ್ಲಿಲ್ಲ.

ಸಿಕ್ಕಿಂ, ಡಾರ್ಜಿಲಿಂಗ್ ಕಡೆ ಈ ಪದ್ಧತಿ ಇವತ್ತಿಗೂ ಜೀವಂತ. ಅಲ್ಲೀ ಹೆಂಗಸ್ರು ನೆನೆ ಅಕ್ಕಿ ಕುಟ್ಟಿ, ಬೇರು ಸೊಪ್ಪು ಸೇರ್ಸಿ, ಮರ್ಚಾ ಅನ್ನೋ ಬಿಲ್ಲೆ ತಟ್ತಾರೆ. ಹೊಸ ಬಿಲ್ಲೆ ಮ್ಯಾಲೆ ಹಳೇ ಬಿಲ್ಲೆ ಪುಡಿ ಉದುರ್ಸಿ ಒಣಗಿಸಿ ಎತ್ತಿಡ್ತಾರೆ. ಬೇಕಾದಾಗ ಬೇಯಿಸಿ ಆರಿಸಿದ ರಾಗಿಗೆ ಕಲಸ್ತಾರೆ. ನಮ್ಮ ಮುದ್ದೆ ರಾಗೀನೇ ಅಲ್ಲಿ ಬೀರಿನಂಥ ಪಾನೀಯ ಆಗುತ್ತೆ. ಒಣಗಿದ ಈಸ್ಟು ಸಾಯಲ್ಲ, ನಿದ್ದೆ ಮಾಡ್ತಿರುತ್ತೆ.

ಎಷ್ಟು ದಿನ ಮಲಗಿರಬೋದು ಅನ್ನೋದಕ್ಕೆ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಕಂಪನಿ ಕಥೆ ಕೇಳ್ರಿ. 1883ರಲ್ಲಿ ಎಮಿಲ್ ಹ್ಯಾನ್ಸೆನ್ ಅನ್ನೋ ವಿಜ್ಞಾನಿ ಅಲ್ಲಿ ಒಂದೇ ಒಂದು ಈಸ್ಟ್ ಕೋಶದಿಂದ ಶುದ್ಧ ತಳಿ ಬೆಳೆಸಿದ್ರು. ಆ ಕಾಲದ ಒಂದು ಬಾಟ್ಲಿ ಎಷ್ಟೋ ವರ್ಷ ಆದ್ಮೇಲೆ ನೆಲಮಾಳಿಗೇಲಿ ಸಿಕ್ತು. ತಳದಾಗೆ ಜೀವ ಇತ್ತು! ಅದ್ರಿಂದ ಬೀರು ಮಾಡಿ 2016ರಲ್ಲಿ ಕುಡಿಸಿದ್ರು. ಇಂಥ ಹಳೇ ಈಸ್ಟನ್ನ ಎಬ್ಬಿಸೋಕೆ ಒಂದೇ ಸಲಕ್ಕೆ ಹಂಡೆಗೆ ಸುರಿಯಂಗಿಲ್ಲ. ಮೊದ್ಲು ಬೆಚ್ಚಗಿರೋ ತೆಳು ಸಿಹಿ ನೀರು ಒಂಚೂರು, ಆಮೇಲೆ ಇನ್ನೊಂಚೂರು, ಹಿಂಗೆ ಮೆಟ್ಲು ಮೆಟ್ಲಾಗಿ. ಬಾಣಂತಿಗೆ ಪಥ್ಯ ಕೊಟ್ಟಂಗೆ ಅನ್ಕಳ್ರಿ.

ಮನೇಲಿ ಬೀರು ಮಾಡ್ರಿ ಅಂತ ನಾನು ಹೇಳ್ತಿಲ್ಲ, ಲೈಸೆನ್ಸಿಲ್ದೆ ಮಾಡಂಗೂ ಇಲ್ಲ. ಮೊಸರಿನ ಜೀವಾಣು, ಹೆಂಡದ ಈಸ್ಟು ಎರಡೂ ಬ್ಯಾರೆ ಬ್ಯಾರೆ ಅನ್ನೋದೂ ಗೊತ್ತೈತೆ. ಆದ್ರೆ ಉಳಿಸೋ ಬುದ್ಧಿ ಒಂದೇ. ಹ್ಯಾನ್ಸೆನ್ ಹೆಸರು ಪುಸ್ತಕದಾಗೆ ಉಳೀತು. ಪಕ್ಕದ ಮನೆಗೆ ಲೋಟದಾಗೆ ಹೆಪ್ಪು ಕೊಟ್ಟು, ಸೊಸೆ ಕೈಗೆ ಗಡಿಗೆ ದಾಟಿಸಿದ ನಮ್ಮ ಅಜ್ಜೀರ ಹೆಸ್ರು ಎಲ್ಲೂ ಇಲ್ಲ. ಈಗ ಪ್ಯಾಕೆಟ್ ಮೊಸರು, ಪ್ಯಾಕೆಟ್ ಹಿಟ್ಟು ಬಂದು, ಹೆಪ್ಪು ಕೇಳ್ಕಂಡು ಬರೋರೂ ಕಮ್ಮಿ. ಮೂರು ದಿನ ಮರೆತ್ರೆ ಸಾಕು, ಮೂರು ತಲೆಮಾರಿನ ಹುಳಿ ಹೋಗ್ಬಿಡುತ್ತೆ.

ಅದಕ್ಕೇ ಕೇಳ್ತಿದೀನಿ: ನಿಮ್ಮನೆ ಹೆಪ್ಪು ಯಾರ ಮನೆಯಿಂದ ಬಂದಿದ್ದು? ಗೊತ್ತಿರೋ ಹಿರೇರು ಇನ್ನೂ ಇದ್ರೆ ಇವತ್ತೇ ಕೇಳಿ ಬರ್ದಿಡ್ರಿ.