ಅಹವಾಲು: ಡೋಣಿಯ ದಂಡೆಯಿಂದ

ವಿಜಯಪುರದಿಂದ ಬಬಲೇಶ್ವರದ ಕಡೆಗೆ ಹೊರಟವನು ಸಾರವಾಡದ ಬಳಿ ಡೋಣಿಯನ್ನು ದಾಟುವಾಗ, ಅದು ಬೇಸಗೆಯ ದಿನವಾಗಿದ್ದರೆ, ನದಿಯೊಂದನ್ನು ದಾಟಿದೆನೆಂಬ ಅರಿವೇ ಇಲ್ಲದೆ ಮುಂದೆ ಸಾಗಬಹುದು. ಮಳೆಗಾಲದಲ್ಲಾದರೋ ಅದೇ ಹೊಳೆಯು ದಂಡೆ ಮೀರಿ ಎರಿಭೂಮಿಯೊಳಕ್ಕೆ ನುಗ್ಗಿ, ರಸ್ತೆಯನ್ನು ಕಟ್ಟಿಹಾಕಿ, ಆಚೆಯವರನ್ನು ಆಚೆಗೂ ಈಚೆಯವರನ್ನು ಈಚೆಗೂ ನಿಲ್ಲಿಸುವುದುಂಟು. ನೀರು ಸವುಳು, ಆದರೆ ಈ ಕಣಿವೆಯ ಕರಿಮಣ್ಣು ಬಿಳಿಜೋಳಕ್ಕೆ ತಾಯಿಯ ಮಡಿಲಿನಂಥದು. ಡೋಣಿ ಹರಿದ ವರ್ಷ ಓಣಿಯೆಲ್ಲ ಕಾಳು ಎಂಬ ಅರ್ಥದ ಗಾದೆಯು ಈ ಸೀಮೆಯಲ್ಲಿ ಹುಟ್ಟಿದ್ದು ಅಕಾರಣವಾಗಿಯಲ್ಲ.

ಈ ಹೊಳೆಯ ಉಗಮವು ಈಗ ಮಹಾರಾಷ್ಟ್ರದಲ್ಲಿರುವ ಜತ್ತ ತಾಲೂಕಿನಲ್ಲಿದೆ. ಜತ್ತವು ಹಿಂದೆ ಒಂದು ಸಣ್ಣ ಸಂಸ್ಥಾನವಾಗಿದ್ದು, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ವಿಜಾಪುರ (ಇಂದಿನ ವಿಜಯಪುರ) ಜಿಲ್ಲೆಯೂ ಆಗ ಮುಂಬಯಿಗೇ ಸೇರಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ವಿಜಾಪುರವು ಮೈಸೂರಿಗೆ ಬಂದು ಜತ್ತವು ಅತ್ತಲೇ ಉಳಿದಾಗ, ಒಂದು ಹನಿ ನೀರೂ ತನ್ನ ಹಾದಿಯನ್ನು ಬದಲಿಸದೆ ಡೋಣಿಯು ಅಂತರರಾಜ್ಯ ನದಿಯಾಗಿಬಿಟ್ಟಿತು. ನಕ್ಷೆಯ ಮೇಲೆ ಗೆರೆಯೆಳೆದ ಆ ದಿನ ಮೇಲಿನವರಿಗೂ ಕೆಳಗಿನವರಿಗೂ ಇದ್ದ ಕನ್ನಡದ ನಂಟು ಕಡಿಯಲಿಲ್ಲ. ಕಡಿದದ್ದು ಒಂದೇ ಕಚೇರಿಯ ಮೆಟ್ಟಿಲನ್ನು ಇಬ್ಬರೂ ಹತ್ತಬಹುದಾಗಿದ್ದ ಅನುಕೂಲ.

ಆ ಕಚೇರಿಯ ಮಾತಿಗೆ ನಮ್ಮಲ್ಲಿ 'ಅಹವಾಲು' ಎಂಬ ಹಳೆಯ ಪದವಿದೆ. ಅರಬ್ಬೀ ಭಾಷೆಯ 'ಹಾಲ್', ಅಂದರೆ ಸ್ಥಿತಿ, ಎಂಬುದರ ಬಹುವಚನವದು. ಫಾರಸಿ ದಫ್ತರಗಳ ಮೂಲಕ ನಮ್ಮ ನಾಲಗೆಗೆ ಇಳಿದುಬಂದುದು. ತನ್ನ ಸ್ಥಿತಿಗತಿಯನ್ನು ಆಳುವವನ ಮುಂದೆ ನಿಂತು ಹೇಳಿಕೊಳ್ಳುವುದೇ ಅಹವಾಲು. ಈಗಿನ ಕಾನೂನಿನ 'ಸಾರ್ವಜನಿಕ ಅಹವಾಲು ಸಭೆ'ಯಲ್ಲಿಯೂ ಅದೇ ಪದವು ಉಳಿದುಕೊಂಡಿದೆ. ಆದರೆ ಹೇಳಿಕೊಂಡುದನ್ನು ನಿರ್ಣಯಕ್ಕೆ ಮೊದಲು ಕೇಳಬೇಕೆಂಬ ಕಟ್ಟಳೆಯು ನದೀಯೋಜನೆಗಳ ಚರಿತ್ರೆಯಲ್ಲಿ ಎಷ್ಟು ತಡವಾಗಿ ಬಂದಿತೆಂಬುದನ್ನು ತಿಳಿಯಬೇಕಾದರೆ ಡೋಣಿಯನ್ನು ಬಿಟ್ಟು ಕೃಷ್ಣೆಯ ದಂಡೆಗೆ ನಡೆಯಬೇಕು.

ಕೃಷ್ಣೆಯ ನೀರಿನ ಹಂಚಿಕೆಯನ್ನು ಕುರಿತು 1951ರಲ್ಲಿ ರಾಜ್ಯಗಳ ನಡುವೆ ಒಂದು ಒಡಂಬಡಿಕೆಯಾಯಿತು. ಮೈಸೂರು ಅದನ್ನು ಅನುಮೋದಿಸಲಿಲ್ಲ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಕೃಷ್ಣೆಯ ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. 1969ರಲ್ಲಿ ನ್ಯಾಯಮೂರ್ತಿ ಬಚಾವತರ ಅಧ್ಯಕ್ಷತೆಯಲ್ಲಿ ರಚಿತವಾದ ನ್ಯಾಯಮಂಡಳಿಯು ನಾಲ್ಕು ವರ್ಷಗಳ ತರುವಾಯ ತನ್ನ ತೀರ್ಪನ್ನಿತ್ತು, ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿಎಂಸಿ ಅಡಿ ನೀರೆಂದು ಪಾಲು ಮಾಡಿತು. ಇಷ್ಟು ದೀರ್ಘವಾದ ವಾದವಿವಾದದಲ್ಲಿ ಮಾತನಾಡಿದವರು ರಾಜ್ಯಗಳ ವಕೀಲರು ಮತ್ತು ಎಂಜಿನಿಯರರು. ಹೊಳೆಸಾಲಿನ ರೈತನು ತನ್ನ ಬಾಯಿಂದ ತನ್ನ ಅಹವಾಲನ್ನು ಹೇಳಿಕೊಳ್ಳುವ ಸ್ಥಾನವು ಆ ವ್ಯವಸ್ಥೆಯಲ್ಲಿರಲಿಲ್ಲ; ಅವನ ಪರವಾಗಿ ರಾಜ್ಯವೇ ನುಡಿಯುವುದೆಂಬ ಕಲ್ಪನೆಯ ಮೇಲೆ ಅದು ನಿಂತಿತ್ತು.

ಹಾಗಾದರೆ ಅವನಿಗಿದ್ದ ಬಾಗಿಲು ಯಾವುದು? 1894ರ ಭೂಸ್ವಾಧೀನ ಕಾಯಿದೆ. ಮೂಲದಲ್ಲಿ ಅದರಲ್ಲಿಯೂ ಆಕ್ಷೇಪಣೆಗೆ ಎಡೆಯಿರಲಿಲ್ಲ. 1923ರಲ್ಲಿ 5-ಎ ಎಂಬ ಪ್ರಕರಣವನ್ನು ಸೇರಿಸಿ, ನೋಟೀಸು ಹೊರಟ ಮೂವತ್ತು ದಿನಗಳೊಳಗೆ ತಕರಾರು ಸಲ್ಲಿಸಬಹುದೆಂದು ಮಾಡಿದರು. ಚಾವಡಿಯ ಗೋಡೆಗೆ ಕಾಗದ ಅಂಟಿಸಿದಾಗ ಅದನ್ನು ಓದಬಲ್ಲವರು ಎಷ್ಟು ಜನರಿದ್ದರು, ಓದಿದವರಲ್ಲಿ ತಕರಾರನ್ನು ಕಾನೂನಿನ ಭಾಷೆಯಲ್ಲಿ ಬರೆಯಬಲ್ಲವರು ಎಷ್ಟು ಜನರಿದ್ದರು ಎಂದು ಯೋಚಿಸಿದರೆ ಎದೆ ಭಾರವಾಗುತ್ತದೆ. ತಕರಾರೂ ಆ ಒಂದು ಸರ್ವೇ ನಂಬರಿನ ಹೊಲಕ್ಕೆ ಸಂಬಂಧಿಸಿದುದು. ಊರಿನ ಗುಡಿ, ದರ್ಗಾ, ಗೋಮಾಳ, ಹೊಳೆಯ ಮೀನು, ದಂಡೆಯ ತೋಟ ಇವೆಲ್ಲ ಒಟ್ಟಾಗಿ ಒಂದು ಬದುಕೆಂಬುದನ್ನು ಹೇಳಲು ಆ ಅರ್ಜಿಯಲ್ಲಿ ಅಂಕಣವಿರಲಿಲ್ಲ. 'ಮುಳುಗಡೆ' ಎಂಬ ಒಂದೇ ಮಾತಿನಲ್ಲಿ ಅದೆಲ್ಲವೂ ಅಡಗಿಹೋಯಿತು. ಬಾಗಲಕೋಟೆಯ ಹಳೆಯ ಪೇಟೆಯ ಭಾಗಗಳು ಆಲಮಟ್ಟಿಯ ಹಿನ್ನೀರಿಗೆ ಸಂದು, ಎತ್ತರದ ನೆಲದಲ್ಲಿ ನವನಗರವೆದ್ದಿತು. ಹಳ್ಳಿಗಳ ಜನ ಪುನರ್ವಸತಿ ಕೇಂದ್ರಗಳಿಗೆ ಎದ್ದುಹೋದರು. ಯೋಜನೆಗೆ ಸಾಲವಿತ್ತ ವಿಶ್ವಬ್ಯಾಂಕು ಪುನರ್ವಸತಿಯ ಕುಂದುಗಳಿಗಾಗಿ 1990ರ ದಶಕದಲ್ಲಿ ಹಣವನ್ನು ತಡೆಹಿಡಿದುದೂ ಉಂಟು. ನಮ್ಮವರ ದುಃಖವು ದೂರದ ಸಾಲದಾತನ ಕಿವಿಗೆ ಮುಟ್ಟಿದ ಮೇಲೆ ಕಡತಗಳು ಚುರುಕಾದವೆಂಬುದು ನಾವು ಅಭಿಮಾನಪಡುವ ಸಂಗತಿಯಲ್ಲ.

ಪರಿಸರದ ಮೇಲಿನ ಪರಿಣಾಮವನ್ನು ಮೊದಲೇ ಪರಿಶೀಲಿಸಬೇಕೆಂಬ ಅಧಿಸೂಚನೆಯು 1994ರ ಜನವರಿಯಲ್ಲಿ, ಅಂದರೆ ಆಲಮಟ್ಟಿಯ ಅಡಿಗಲ್ಲಿಗೆ ಮೂವತ್ತು ವರ್ಷ ತುಂಬುತ್ತ ಬಂದಾಗ, ಹೊರಟಿತು. ಸಾರ್ವಜನಿಕ ಅಹವಾಲು ಸಭೆಯು ಕಡ್ಡಾಯವಾದುದು 1997ರಲ್ಲಿ. 2006ರ ಅಧಿಸೂಚನೆಯು ಇದನ್ನು ವಿಸ್ತರಿಸಿ, ವರದಿಯ ಸಾರಾಂಶವು ಸ್ಥಳೀಯ ಭಾಷೆಯಲ್ಲಿರಬೇಕು, ಮೂವತ್ತು ದಿನ ಮುಂಚಿತವಾಗಿ ತಿಳಿಸಬೇಕು, ಜಿಲ್ಲಾಧಿಕಾರಿಯಾಗಲಿ ಅವರ ಪ್ರತಿನಿಧಿಯಾಗಲಿ ಅಧ್ಯಕ್ಷತೆ ವಹಿಸಬೇಕು ಎಂದಿತು. ಇವು ಸಾಮಾನ್ಯ ಲಾಭಗಳಲ್ಲ. 2013ರ ಭೂಸ್ವಾಧೀನ ಕಾಯಿದೆಯು ಸಾಮಾಜಿಕ ಪರಿಣಾಮದ ಅಧ್ಯಯನವನ್ನು ತಂದಿತಾದರೂ, ಪರಿಸರ ಅಧ್ಯಯನ ನಡೆದ ನೀರಾವರಿ ಯೋಜನೆಗಳಿಗೆ ಅದರಿಂದ ವಿನಾಯಿತಿಯಿತ್ತಿತು; ಮಣ್ಣು ನೀರುಗಳ ಅಧ್ಯಯನವೇ ಮನುಷ್ಯನ ಅಧ್ಯಯನಕ್ಕೂ ಸಾಕೆಂಬ ಈ ಎಣಿಕೆ ನನಗೆ ಸಮ್ಮತವಿಲ್ಲ.

ಗಡಿಯಾಚೆಯವರ ಪ್ರಶ್ನೆಯು ಇನ್ನೂ ಕಠಿನವಾದುದು. 1991ರಲ್ಲಿ ಫಿನ್ಲೆಂಡಿನ ಎಸ್ಪೂ ನಗರದಲ್ಲಿ ಯೂರೋಪಿನ ದೇಶಗಳು ಒಡಂಬಟ್ಟುದೇನೆಂದರೆ, ತನ್ನ ನೆಲದಲ್ಲಿ ಕೈಗೊಂಡ ಕಾಮಗಾರಿಯಿಂದ ನೆರೆಯ ದೇಶಕ್ಕೆ ಬಾಧೆಯಾಗಬಹುದಾದರೆ ಆ ದೇಶಕ್ಕೆ ಮೊದಲೇ ತಿಳಿಸಬೇಕು, ಅಲ್ಲಿಯ ಪ್ರಜೆಗಳಿಗೂ ತನ್ನ ಪ್ರಜೆಗಳಿಗೆ ಸಮನಾದ ಅವಕಾಶವನ್ನು ಕೊಡಬೇಕು ಎಂಬುದು. ಎರಡು ಸ್ವತಂತ್ರ ರಾಷ್ಟ್ರಗಳು ಪಾಲಿಸಬಹುದಾದ ಈ ಸೌಜನ್ಯವು ಒಂದೇ ರಾಷ್ಟ್ರದ ಎರಡು ರಾಜ್ಯಗಳ ನಡುವೆ ರೂಢಿಯಾಗಿ ಬೆಳೆಯಲಿಲ್ಲ. ನಮ್ಮಲ್ಲಿ ಸಭೆಯು ಯೋಜನೆಯ ಸ್ಥಳದಲ್ಲಿ ಕೂಡುತ್ತದೆ; ದೂರದವನು ಬೇಕಾದರೆ ಲಿಖಿತವಾಗಿ ತಿಳಿಸಬಹುದು. ಸಾಂಗ್ಲಿ, ಕೊಲ್ಹಾಪುರಗಳು 2005ರಲ್ಲಿಯೂ 2019ರಲ್ಲಿಯೂ ನೆರೆಯಲ್ಲಿ ಮುಳುಗಿದಾಗ ಅಲ್ಲಿಯ ಜನರು ಆಲಮಟ್ಟಿಯ ಹಿನ್ನೀರನ್ನು ದೂರಿದರು. ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡ್ನೇರೆ ಸಮಿತಿಯು ಆ ದೂರಿಗೆ ಆಧಾರವನ್ನು ಕಾಣಲಿಲ್ಲ. ಲೆಕ್ಕವು ನಮ್ಮ ಪರವಾಗಿರಬಹುದು. ಆದರೂ ನಡುರಾತ್ರಿ ಮನೆಯೊಳಗೆ ನೀರು ಹೊಕ್ಕವನ ಭಯವನ್ನು ಅವನೆದುರಿಗೆ ಕುಳಿತು, ಅವನ ನುಡಿಯಲ್ಲಿ ವಿವರಿಸಿ ಕಳೆಯುವ ಕೆಲಸ ಬೇರೆ. ಅದನ್ನು ಯಾರ ಮೇಲೂ ಯಾವ ಕಾನೂನೂ ಹೊರಿಸಿಲ್ಲ.

2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆಲಮಟ್ಟಿಯ ಅಣೆಕಟ್ಟನ್ನು 519.6 ಮೀಟರಿನವರೆಗೆ ಏರಿಸಲು, ಸಂಬಂಧಪಟ್ಟ ಪ್ರಾಧಿಕಾರಗಳ ಅನುಮತಿಗೆ ಒಳಪಟ್ಟು, ಸಮ್ಮತಿಸಿತು. 2010ರಲ್ಲಿ ನ್ಯಾಯಮೂರ್ತಿ ಬ್ರಿಜೇಶ್ ಕುಮಾರರ ನ್ಯಾಯಮಂಡಳಿಯು 524.256 ಮೀಟರಿಗೆ ಒಪ್ಪಿಗೆಯಿತ್ತಿತು. ಆ ತೀರ್ಪು ರಾಜಪತ್ರದಲ್ಲಿ ಪ್ರಕಟವಾಗದೆ ಮೇಲ್ಮನವಿಗಳಲ್ಲಿ ನಿಂತಿದೆ.

ಸಾರವಾಡದ ಸುತ್ತಿನ ಬರಡು ಮಡ್ಡಿಗಳಿಗೆ ಇದೆಲ್ಲವೂ ದೂರದ ವಾರ್ತೆಯಲ್ಲ. ಮುಳವಾಡ ಏತ ನೀರಾವರಿಯು ಎತ್ತುವುದು ಆಲಮಟ್ಟಿಯ ಹಿನ್ನೀರನ್ನೇ. ತುಬಚಿ-ಬಬಲೇಶ್ವರ ಯೋಜನೆಯು ಜಮಖಂಡಿ ತಾಲೂಕಿನ ಕವಟಗಿಯ ಬಳಿ ಕೃಷ್ಣೆಯಿಂದ ನೀರೆತ್ತಿ ಈ ಕಡೆಗೆ ತರುತ್ತದೆ. ಆದಿಲಶಾಹಿಯ ಮಹಮ್ಮದನ ಕಾಲದಿಂದ ಬಂದ ಮಮದಾಪುರದ ಕೆರೆಯಲ್ಲಿ ಕೃಷ್ಣೆಯ ನೀರು ನಿಂತುದನ್ನು ಕಂಡು ಕಣ್ಣು ತುಂಬಿಕೊಂಡ ಹಿರಿಯರು ಈ ಸೀಮೆಯಲ್ಲಿದ್ದಾರೆ. ಆ ಆನಂದಕ್ಕೆ ಯಾವ ಕುಂದನ್ನೂ ಎಣಿಸಲಾರೆ. 2022ರ ಕೊನೆಯಲ್ಲಿ ತುಬಚಿಯ ನೀರು ಗಡಿಯನ್ನು ಹಾದು ಜತ್ತ ತಾಲೂಕಿನ ಕೆರೆಗಳತ್ತಲೂ ಹರಿಯಿತು. ಡೋಣಿಯು ಎಲ್ಲಿಂದ ಇಳಿದು ಬರುತ್ತದೆಯೋ ಆ ನೆಲಕ್ಕೆ, ಬಾಗಲಕೋಟೆ ಸೀಮೆಯವರು ಹೊಲಮನೆ ಬಿಟ್ಟುಕೊಟ್ಟ ನದಿಯ ನೀರು, ಯಾರನ್ನೂ ಕೇಳದೆ ಇಳಿಜಾರು ಹಿಡಿದು ಮುಟ್ಟಿತು.