ಒಂದು ಹೊಸ ಹಾಡು ಮತ್ತು ದೇವನೂರಿನ ಕವಿ



ಕಳೆದ ವಾರ ಮೊಮ್ಮಗಳು ತನ್ನ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗಿಟ್ಟು ಹೊಸ ಕನ್ನಡ ಹಾಡೊಂದನ್ನು ಕೇಳಿಸಿದಳು. ಸಿನಿಮಾ ಹಾಡಲ್ಲ, ಯುವಕನೊಬ್ಬ ತಾನೇ ಬರೆದು, ರಾಗ ಹಾಕಿ, ಗಿಟಾರ್ ಹಿಡಿದು ಹಾಡಿದ್ದು. ಇದಕ್ಕೆ ‘ಇಂಡಿ ಪಾಪ್’ ಎನ್ನುತ್ತಾರಂತೆ. ಪ್ರೀತಿಸಿದವಳು ಕಾರಣ ಹೇಳದೆ ಹೊರಟುಹೋದ ದುಃಖವೇ ಅದರ ವಸ್ತು. “ಹೇಗಿದೆ ತಾತ?” ಎಂದಳು. “ಬಹಳ ಹಳೆಯದಮ್ಮ, ನಮ್ಮ ಕಡೂರಿನದೇ” ಎಂದೆ. ಅವಳು ನಕ್ಕಳು. ನಾನು ತಮಾಷೆಗೆ ಹೇಳಿದ್ದಲ್ಲ.

ಕಡೂರು ತಾಲ್ಲೂಕಿನ ದೇವನೂರು ಕವಿ ಲಕ್ಷ್ಮೀಶನ ಊರು. ಅವನು ೧೬ನೆಯ ಶತಮಾನದವನೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಊರಿನ ಲಕ್ಷ್ಮೀಕಾಂತಸ್ವಾಮಿಯೇ ಅವನ ಆರಾಧ್ಯದೈವ. ಅವನ ‘ಜೈಮಿನಿ ಭಾರತ’ ೩೪ ಸಂಧಿಗಳ ಕಾವ್ಯ, ವಾರ್ಧಕ ಷಟ್ಪದಿಯಲ್ಲಿದೆ. ಪಾಂಡವರ ಅಶ್ವಮೇಧದ ಕಥೆ ಹೇಳುತ್ತಾ, ಅರ್ಜುನನಿಗೂ ಮಗ ಬಭ್ರುವಾಹನನಿಗೂ ಯುದ್ಧವಾಗುವ ಸಂದರ್ಭದಲ್ಲಿ ಕವಿ ಕುಶಲವರ ಕಥೆಯನ್ನು ತರುತ್ತಾನೆ. ಅಲ್ಲಿಯೇ ಸೀತಾಪರಿತ್ಯಾಗ ಬರುತ್ತದೆ.

ಗರ್ಭಿಣಿ ಸೀತೆಗೆ ಋಷ್ಯಾಶ್ರಮಗಳನ್ನು ನೋಡುವ ಬಯಕೆ. ಆ ಬಯಕೆಯ ನೆಪದಲ್ಲಿಯೇ ಅವಳನ್ನು ರಥವೇರಿಸಲಾಗುತ್ತದೆ. ಸಂತೋಷದಿಂದ ಹೊರಟವಳಿಗೆ ಗಂಗೆಯನ್ನು ದಾಟಿದ ಮೇಲೆ ಲಕ್ಷ್ಮಣನ ಬಾಯಿಂದ ನಿಜ ತಿಳಿಯುತ್ತದೆ. ಕೈಬಿಟ್ಟವನು ಎದುರಿಗೆ ಬರಲೂ ಇಲ್ಲ. ಸುದ್ದಿ ತರುವವನು ಮತ್ತೊಬ್ಬ! ಇಂದಿನ ಹುಡುಗನ ಹಾಡಿನಲ್ಲಿ ಆ ಕೆಲಸವನ್ನು ಮೊಬೈಲ್ ಮಾಡುತ್ತದೆ, ಅಷ್ಟೇ.

ಆದರೆ ಲಕ್ಷ್ಮೀಶ ಅಲ್ಲಿಗೇ ನಿಲ್ಲಲಿಲ್ಲ. ಲಕ್ಷ್ಮಣ ಮರಳಿದ ಮೇಲೆ ಕಾಡಿನ ಮೃಗಪಕ್ಷಿಗಳು ಸೀತೆಯ ಸುತ್ತ ನೆರೆದು ಮರುಗುತ್ತವೆ, ಉಪಚರಿಸುತ್ತವೆ. ಆಮೇಲೆ ವಾಲ್ಮೀಕಿ ಬಂದು ಆಶ್ರಮಕ್ಕೆ ಕರೆದೊಯ್ಯುತ್ತಾನೆ. ಅಯೋಧ್ಯೆ ಕೇಳದ ಅಳಲನ್ನು ಅಡವಿ ಕೇಳಿತು.

ನಾನು ಬಾಲಕನಾಗಿದ್ದಾಗ ಅಜ್ಜಂಪುರದ ನಮ್ಮ ಮನೆಯ ಜಗುಲಿಯಲ್ಲಿ ‘ಜೈಮಿನಿ’ ಓದಿಸುತ್ತಿದ್ದರು. ಒಬ್ಬರು ರಾಗವಾಗಿ ವಾಚಿಸಿದರೆ ಇನ್ನೊಬ್ಬರು ಅರ್ಥ ಹೇಳುವರು. ಈ ಭಾಗ ಬಂದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಯಾರು ಯಾವ ದುಃಖಕ್ಕೆ ಅತ್ತರೋ! ಸೀತೆಯ ನೆಪದಲ್ಲಿ ತಮ್ಮದನ್ನೂ ಅತ್ತು ಹಗುರಾಗುತ್ತಿದ್ದರೆಂದು ಈಗ ಅನ್ನಿಸುತ್ತದೆ.

ಕಾಲ ಬದಲಾಯಿತು. ೧೯೪೨ರಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಬಂದು, ರಾಜರಾಣಿಯರದಲ್ಲದ, ಸಾಮಾನ್ಯ ಮನೆಯ ಒಲವು ಕವಿತೆಯಾಯಿತು. ೧೯೭೮ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಬಂದ ಮೇಲೆ ಭಾವಗೀತೆ ಕ್ಯಾಸೆಟ್ಟಿನಲ್ಲಿ ಮನೆಮನೆಗೆ ಬಂದಿತು. ಜಗುಲಿಯ ಹಾಡು ನಡುಮನೆಗೆ ಬಂತು. ಈಗ ಒಬ್ಬೊಬ್ಬರ ಕಿವಿಯೊಳಗೆ ಸೇರಿದೆ. ದುಃಖ ಅದೇ. ಕೂಡಿ ಕೇಳುವವರು ಮಾತ್ರ ಕಡಿಮೆಯಾದರು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ತರೀಕೆರೆ ಕಡೆಯ ಶಾಲೆಯೊಂದರಲ್ಲಿದ್ದಾಗ, ೧೯೯೪ರ ಸುಮಾರಿಗೆ, ವಾರ್ಧಕದ ಲಕ್ಷಣ ಹೇಳಲು ಈ ಭಾಗದ ಪದ್ಯವೊಂದನ್ನು ಹಲಗೆಯ ಮೇಲೆ ಬರೆದಿದ್ದೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಐದು ಮಾತ್ರೆಯ ನಾಲ್ಕು ಗಣ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಆರು ಗಣ, ಮೇಲೊಂದು ಗುರು. ಪ್ರಸ್ತಾರ ಹಾಕುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಸದ್ದಿಲ್ಲದೆ ಅಳುತ್ತಿದ್ದಳು. “ಹೋಗಿ ಮುಖ ತೊಳೆದುಕೊಂಡು ಬಾ” ಎಂದು ಕಳುಹಿಸಿ ಪಾಠ ಮುಂದುವರಿಸಿದೆ. ಏಕೆಂದು ಅಂದೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಬಿ.ಎಡ್. ತರಬೇತಿಯಲ್ಲಿ ಪಾಠಯೋಜನೆ ಬರೆಯುವುದನ್ನು ಕಲಿತಿದ್ದೆ. ಕಾಡಿನ ಹಕ್ಕಿಗಳಿಗೆ ತಿಳಿದಿದ್ದುದು ನನಗೆ ತಿಳಿದಿರಲಿಲ್ಲ.

ಆ ಹುಡುಗಿ ಇದನ್ನು ಓದಿದರೆ, ತಾಯೀ, ನನ್ನನ್ನು ಕ್ಷಮಿಸು.

ಮೊಮ್ಮಗಳಿಗೆ ಈ ಕಥೆಯನ್ನೆಲ್ಲ ಹೇಳಿದೆ. ಬಳಿಕ ಇಯರ್‌ಫೋನ್ ತೆಗೆಸಿ, ಹಾಡನ್ನು ಗಟ್ಟಿಯಾಗಿ ಹಾಕಿಸಿ, ಮನೆಯವರೆಲ್ಲ ಕುಳಿತು ಇನ್ನೊಮ್ಮೆ ಕೇಳಿದೆವು. ಹುಡುಗ ಚೆನ್ನಾಗಿಯೇ ಹಾಡಿದ್ದಾನೆ.