ಅಕ್ಕನ ನೀರಿನ ಚೊಂಬು

ಜಗಳೂರಿನಲ್ಲಿ ನಮ್ಮಕ್ಕನ ಅಡಿಗೆಮನೆಯ ಕಟ್ಟೆಯ ಮೇಲೆ ಒಂದು ಸ್ಟೀಲಿನ ಚೊಂಬು ಇದೆ. ಅದರ ಒಳಮೈಯಲ್ಲಿ, ಅರ್ಧಕ್ಕಿಂತ ತುಸು ಮೇಲೆ, ಮೊಳೆಯಿಂದ ಗೀರಿದ ಒಂದು ಗೆರೆ. 2012ರಿಂದ 2014ರವರೆಗೆ ಆ ಗೆರೆಯೇ ಅಕ್ಕನ ಯಜಮಾನ. ಬೆಳಿಗ್ಗೆ ಗೆರೆಯ ಮಟ್ಟಕ್ಕೆ ನೀರು ತುಂಬಿಟ್ಟರೆ ರಾತ್ರಿ ಮಲಗುವ ತನಕ ಅಷ್ಟೇ. ಮಾತ್ರೆ ನುಂಗುವುದೂ ಅದರಲ್ಲೇ. ಕಾಫಿಯನ್ನೋ ಮಜ್ಜಿಗೆಯನ್ನೋ ಕುಡಿದರೆ ಅಷ್ಟು ನೀರನ್ನು ಚೊಂಬಿನಿಂದ ಚೆಲ್ಲಬೇಕು. ಮೊದಲೇ ಜಗಳೂರು, ಮಳೆ ಕಡಿಮೆಯ ಸೀಮೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಅಕ್ಕ ಒದ್ದೆ ಬಟ್ಟೆಯಿಂದ ತುಟಿ ಒರೆಸಿಕೊಳ್ಳುತ್ತ ಕೂತಿರುತ್ತಿದ್ದಳು. ನಾನು ಹೊನ್ನಾಳಿಯ ಶಾಲೆಗೆ ಹೋಗುವಾಗ ದಿನವೂ ತುಂಗಭದ್ರೆ ಕಣ್ಣಿಗೆ ಬೀಳುತ್ತಾಳೆ. ಆ ಎರಡು ವರ್ಷ ಹೊಳೆ ನೋಡಿದರೆ ನನಗೆ ಆ ಗೆರೆ ನೆನಪಾಗುತ್ತಿತ್ತು.

ಕಿಡ್ನಿ ಕೆಟ್ಟವರಿಗೆ ನೀರೇ ವಿಷವಾಗುತ್ತದೆ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಕುಡಿದದ್ದು ಹೊರಗೆ ಹೋಗದೆ ಕಾಲಿನಲ್ಲಿ, ಮುಖದಲ್ಲಿ, ಕೊನೆಗೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಕಾಯಿಲೆಯವರನ್ನು ನೋಡಲು ಹೋಗುವಾಗ ನಾವು ಎಳನೀರು, ಬಾಳೆಹಣ್ಣು ಒಯ್ಯುತ್ತೇವಲ್ಲ, ಇವರಿಗೆ ಅವೆರಡೂ ಕೂಡದು. ಅವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ಅದು ರಕ್ತದಲ್ಲಿ ಏರಿದರೆ ಹೃದಯವೇ ನಿಂತುಹೋಗಬಹುದು. ಬಂದವರಿಗೆ ಬೇಸರವಾಗದಿರಲೆಂದು ಅಕ್ಕ ಎಲ್ಲವನ್ನೂ ತೆಗೆದುಕೊಂಡು ಪಕ್ಕದ ಮನೆಯ ಮಕ್ಕಳಿಗೆ ಕೊಡುತ್ತಿದ್ದಳು. ವಾರಕ್ಕೆ ಮೂರು ಸಲ ಡಯಾಲಿಸಿಸ್. ದಾವಣಗೆರೆಗೆ ಬಸ್ಸು, ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗುವುದು, ಮತ್ತೆ ಬಸ್ಸು. ಹಾಗೆ ಬಂದ ದಿನವೂ ಅಕ್ಕ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಯಾರೂ ಬಡಿಯೆಂದು ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ.

ಬೇರೆ ಕಿಡ್ನಿ ಕಸಿ ಮಾಡಿಸಿದರೆ ಒಳ್ಳೆಯದೆಂದು ಡಾಕ್ಟರು ಹೇಳಿದ ಮೇಲೆ, 2014ರ ಯುಗಾದಿಗೆ ಚನ್ನಗಿರಿಯ ತವರುಮನೆಯಲ್ಲಿ ಎಲ್ಲರೂ ಸೇರಿದೆವು. ಅಕ್ಕನದು ಓ ಗುಂಪಿನ ರಕ್ತ, ಓ ಗುಂಪಿನವರದೇ ಬೇಕು. ಭಾವನದು ಬಿ, ಆಗುವುದಿಲ್ಲ. ಅಕ್ಕನ ದೊಡ್ಡ ಮಗನದು ಓ. ಆದರೆ ಮಾತು ಅವನ ಹತ್ತಿರ ಬರುವ ಮೊದಲೇ ಯಾರೋ, “ಗಂಡು ಹುಡುಗ, ಇನ್ನ ಮದುವಿ ಆಗಬೇಕು, ದುಡೀಬೇಕು” ಅಂದರು. ಎಲ್ಲರೂ ತಲೆಯಾಡಿಸಿದರು. ನನ್ನದೂ ಓ. ನಮ್ಮ ಮನೆಯವರು, “ಮಗಳ ಪಿಯುಸಿ ಮುಗೀಲಿ, ನೋಡೋಣ” ಅಂದರು. ನಾನು ನೆಲ ನೋಡುತ್ತ ಕೂತೆ. ಈಗ ಬರೆಯುವಾಗ ಅವರ ಮೇಲೆ ಹಾಕುವುದು ಸುಲಭ. ನಿಜ ಹೇಳಬೇಕೆಂದರೆ, ಅವರು ಆ ಮಾತು ಅಂದದ್ದಕ್ಕೆ ನನಗೆ ಒಳಗೊಳಗೇ ನಿರಾಳವಾಗಿತ್ತು.

ಆಗ ಒಳಗಿನಿಂದ ಅವ್ವ ಬಂದಳು. ಕೈಯಲ್ಲಿ ಹೋಳಿಗೆಯ ಹಿಟ್ಟು. “ನಂದು ತಗೊಳ್ಳಲಿ. ನನಗೇನು ಇನ್ನ ಮದುವಿ ಆಗಬೇಕಾ?” ಅಂದಳು. ಅವಳಿಗೆ ಆಗ 63. ಸಕ್ಕರೆ, ರಕ್ತದೊತ್ತಡ, ಹೃದಯ ಎಲ್ಲವನ್ನೂ ಪರೀಕ್ಷಿಸಿ ಡಾಕ್ಟರು ಒಪ್ಪಿದರು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಅವ್ವನನ್ನೂ ಅಕ್ಕನನ್ನೂ ಅಕ್ಕಪಕ್ಕದ ಕೋಣೆಗಳಿಗೆ ಒಯ್ದ ದಿನ ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಮಕ್ಕಳಿಗೆ ಇತಿಹಾಸ ಕಲಿಸುವವಳು ನಾನು. ಪಾಣಿಪತ್ತಿನ ಮೂರು ಯುದ್ಧಗಳ ಇಸವಿ ನಿದ್ದೆಯಲ್ಲೂ ಹೇಳಬಲ್ಲೆ. ಒಬ್ಬರ ಅಂಗ ಇನ್ನೊಬ್ಬರಲ್ಲಿ ಬದುಕುವ ಈ ವಿದ್ಯೆ ಯಾವಾಗ, ಎಲ್ಲಿ ಹುಟ್ಟಿತೆಂದು ಮಾತ್ರ ತಿಳಿದಿರಲಿಲ್ಲ. ಆಮೇಲೆ ಸಿಕ್ಕ ಸಿಕ್ಕ ಕಡೆ ಓದಿದೆ.

1933ರಲ್ಲಿ ಉಕ್ರೇನಿನ ವೈದ್ಯ ಯೂರಿ ವೊರೊನಾಯ್ ಸತ್ತವರ ಕಿಡ್ನಿಯನ್ನು ಜೋಡಿಸಿ ನೋಡಿದ್ದರು, ರೋಗಿ ಉಳಿಯಲಿಲ್ಲ. ಮೊದಲು ಗೆದ್ದದ್ದು 1954ರ ಡಿಸೆಂಬರ್ 23ರಂದು, ಅಮೆರಿಕದ ಬಾಸ್ಟನ್ ನಗರದಲ್ಲಿ. ರಿಚರ್ಡ್ ಹೆರಿಕ್ ಎಂಬ ಯುವಕ ಕಿಡ್ನಿ ಕೆಟ್ಟು ಸಾಯುವ ಹಂತದಲ್ಲಿದ್ದ. ಅವನ ಅವಳಿ ಸಹೋದರ ರೊನಾಲ್ಡ್ ತನ್ನದೊಂದನ್ನು ಕೊಟ್ಟ. ಪರರ ಅಂಗವನ್ನು ನಮ್ಮ ದೇಹ ಶತ್ರುವೆಂದು ಕೊಲ್ಲುತ್ತದೆ. ತದ್ರೂಪಿ ಅವಳಿಗಳಾದರೆ ದೇಹಕ್ಕೆ ಭೇದ ತಿಳಿಯದು. ಇಬ್ಬರೂ ತದ್ರೂಪಿಗಳೇ ಎಂದು ಖಾತ್ರಿ ಮಾಡಿಕೊಳ್ಳಲು ವೈದ್ಯರು ಅವರನ್ನು ಪೊಲೀಸ್ ಠಾಣೆಗೆ ಕಳಿಸಿ ಬೆರಳಚ್ಚು ತೆಗೆಸಿದರಂತೆ! ರಿಚರ್ಡ್ ತನ್ನನ್ನು ನೋಡಿಕೊಂಡ ದಾದಿಯನ್ನೇ ಮದುವೆಯಾಗಿ, ಇಬ್ಬರು ಹೆಣ್ಣುಮಕ್ಕಳ ತಂದೆಯಾಗಿ, ಇನ್ನೂ ಎಂಟು ವರ್ಷ ಬದುಕಿದ. ಶಸ್ತ್ರಚಿಕಿತ್ಸೆ ಮಾಡಿದ ಜೋಸೆಫ್ ಮರ್ರೆಯವರಿಗೆ 1990ರಲ್ಲಿ ನೊಬೆಲ್ ಬಂತು. ಕೊಟ್ಟ ರೊನಾಲ್ಡ್ ಏನಾದ? ಶಾಲೆಯಲ್ಲಿ ಗಣಿತದ ಮೇಷ್ಟ್ರಾದ. ಒಂದೇ ಕಿಡ್ನಿಯಲ್ಲಿ 79 ವರ್ಷದವರೆಗೆ, 2010ರ ತನಕ ಇದ್ದ. ಇದನ್ನು ಓದಿದಾಗ ನನಗೆ ಒಳಗೆ ಎಲ್ಲೋ ಚುಚ್ಚಿತು. ಪಾಠ ಹೇಳಿಕೊಂಡು ಇರಬಹುದಿತ್ತು, ಹಾಗಾದರೆ.

1956ರಲ್ಲಿ ಅದೇ ವೈದ್ಯರು ಎಡಿತ್ ಹೆಲ್ಮ್ ಎಂಬ ಹೆಣ್ಣುಮಗಳಿಗೆ ಅವಳ ಅವಳಿ ತಂಗಿ ವಾಂಡಾಳ ಕಿಡ್ನಿ ಜೋಡಿಸಿದರು. ಎರಡು ವರ್ಷದ ಬಳಿಕ ಎಡಿತ್ ಗಂಡುಮಗು ಹೆತ್ತಳು. ಕಿಡ್ನಿ ಕಸಿಯಾದ ಮೇಲೆ ತಾಯಿಯಾದ ಮೊದಲ ಹೆಂಗಸು ಅವಳು. 2011ರಲ್ಲಿ ತೀರಿಕೊಳ್ಳುವ ತನಕ ತಂಗಿಯ ಕಿಡ್ನಿ ಅವಳೊಳಗೆ ಕೆಲಸ ಮಾಡಿತು.

ಅವಳಿಗಳಲ್ಲದವರಿಗೆ ದಾರಿ ತೆರೆದದ್ದು ಔಷಧ. ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಅಜಥಯೋಪ್ರಿನ್ ಎಂಬ ಮಾತ್ರೆಯನ್ನು ಕಂಡುಹಿಡಿದವರಲ್ಲಿ ಗರ್ಟ್ರೂಡ್ ಎಲಿಯಾನ್ ಒಬ್ಬರು. ಹೆಣ್ಣೆಂಬ ಕಾರಣಕ್ಕೆ ಪ್ರಯೋಗಾಲಯಗಳಲ್ಲಿ ಕೆಲಸ ಸಿಗದೆ ಕೆಲಕಾಲ ಹೈಸ್ಕೂಲಿನಲ್ಲಿ ಪಾಠ ಹೇಳಿದವರು, 1988ರಲ್ಲಿ ನೊಬೆಲ್ ಪಡೆದರು. 1983ರಲ್ಲಿ ಅಮೆರಿಕದಲ್ಲಿ ಬಳಕೆಗೆ ಒಪ್ಪಿಗೆ ಪಡೆದ ಸೈಕ್ಲೋಸ್ಪೋರಿನ್, ನಾರ್ವೆಯ ಮಣ್ಣಿನಲ್ಲಿ ಸಿಕ್ಕ ಒಂದು ಬಗೆಯ ಬೂಷ್ಟಿನಿಂದ ಬಂದದ್ದು. ನಮ್ಮ ದೇಶದಲ್ಲಿ ಕಿಡ್ನಿ ಕಸಿ ಮೊದಲು ಯಶಸ್ವಿಯಾದದ್ದು 1971ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ಗಂಡಸು ಡಾಕ್ಟರು ಮುಟ್ಟಬಾರದೆಂದು ಹೆರಿಗೆಯಲ್ಲೇ ಸತ್ತ ಹೆಂಗಸರನ್ನು ಕಂಡು ತಾನೇ ಡಾಕ್ಟರಾಗಿ ಬಂದ ಐಡಾ ಸ್ಕಡರ್ ಕಟ್ಟಿದ ಆಸ್ಪತ್ರೆ ಅದು.

ಬಳಿಕ ನಡೆದದ್ದು ಹೇಳಿಕೊಳ್ಳುವಂಥದಲ್ಲ. ಬೆಂಗಳೂರು, ಮದ್ರಾಸು, ಮುಂಬಯಿಗಳಲ್ಲಿ ಬಡವರ ಕಿಡ್ನಿ ಮಾರಾಟಕ್ಕೆ ಸಿಗುತ್ತಿತ್ತು. 1994ರ ಮಾನವ ಅಂಗಾಂಗ ಕಸಿ ಕಾಯಿದೆ ಮಾರಾಟವನ್ನು ಅಪರಾಧವೆಂದಿತು, ಮೆದುಳು ಸತ್ತರೆ ಅದೂ ಮರಣವೇ ಎಂದು ಒಪ್ಪಿತು. ಆದರೂ 2001ರಲ್ಲಿ ಚೆನ್ನೈನಲ್ಲಿ ಕಿಡ್ನಿ ಮಾರಿದ 305 ಜನರನ್ನು ವಿಚಾರಿಸಿದಾಗ ನೂರಕ್ಕೆ 71 ಮಂದಿ ಹೆಂಗಸರಿದ್ದರು. ಹೆಚ್ಚುಕಡಿಮೆ ಎಲ್ಲರೂ ಸಾಲ ತೀರಿಸಲು ಮಾರಿದವರು.

ಮಾರದೆ ಮನೆಯೊಳಗೇ ಕೊಡುವವರ ಕಥೆಯೂ ಬೇರೆಯಲ್ಲ. 2018ರಿಂದ 2023ರವರೆಗೆ ನಮ್ಮ ದೇಶದಲ್ಲಿ ಬದುಕಿದ್ದಾಗಲೇ ಅಂಗ ಕೊಟ್ಟವರು 56,509 ಮಂದಿ, ಅವರಲ್ಲಿ 36,038 ಹೆಂಗಸರು. ಪಡೆದವರ ಲೆಕ್ಕ ತಲೆಕೆಳಗು, ಹತ್ತರಲ್ಲಿ ಏಳು ಗಂಡಸರು. ನಾನು ಮೊದಲು ನ್ಯಾಮತಿಯಲ್ಲಿದ್ದಾಗ ಜೊತೆಗಿದ್ದ ಮೇಷ್ಟ್ರೊಬ್ಬರಿಗೆ ಅವರ ಹೆಂಡತಿ ಕೊಟ್ಟಿದ್ದರು. “ಕೊಡ್ತೀರಾ ಅಂತ ನಿಮ್ಮನ್ನ ಯಾರಾದರೂ ಕೇಳಿದರಾ?” ಅಂದೆ. “ಕೇಳೋದೇನು ಟೀಚರ್, ಕೊಡೋದೇ ಅಲ್ವಾ” ಅಂದರು. ಅವರಿಗೇ ಕಾಯಿಲೆ ಬಂದಿದ್ದರೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಕಸಿಗಾಗಿ ಕಾಯುವ ಹೆಂಗಸರಿಗೆ ಆದ್ಯತೆ ಕೊಡಿ ಎಂದು ಕೇಂದ್ರದ ಅಂಗಾಂಗ ಕಸಿ ಸಂಸ್ಥೆ 2025ರ ಆಗಸ್ಟಿನಲ್ಲಿ ರಾಜ್ಯಗಳಿಗೆ ಬರೆಯಿತು. ಆ ಆದ್ಯತೆ ಸತ್ತವರಿಂದ ಬರುವ ಅಂಗಕ್ಕೆ. ಯುಗಾದಿ ಹಬ್ಬದ ಪಡಸಾಲೆಗೆ ಯಾವ ಪತ್ರ ಬರಬೇಕೋ!

ಈಚಿನ ಬದುಕು ಹೇಗಿದೆ ಎಂದು ಅಕ್ಕನನ್ನು ಬಹಳ ಜನ ಕೇಳುತ್ತಾರೆ. ಕೆಟ್ಟ ಕಿಡ್ನಿಗಳು ಬೆನ್ನಲ್ಲಿ ಹಾಗೇ ಇವೆ. ಅವ್ವನದು ಕಿಬ್ಬೊಟ್ಟೆಯ ಬಲಗಡೆ, ಚರ್ಮದ ಕೆಳಗೇ ಇದೆ. ಸೀರೆಯ ನೆರಿಗೆಯನ್ನು ಅಕ್ಕ ಎಡಕ್ಕೆ ಸರಿಸಿ ಸಿಕ್ಕಿಸುತ್ತಾಳೆ. ಬೆಳಿಗ್ಗೆ ಎಂಟು, ರಾತ್ರಿ ಎಂಟು, ಮಾತ್ರೆ ತಪ್ಪುವಂತಿಲ್ಲ, ಜೀವ ಇರುವ ತನಕ. ದೇಹದ ಕಾವಲನ್ನೇ ಸಡಿಲಿಸುವ ಮಾತ್ರೆಗಳಾದ್ದರಿಂದ ನೆಗಡಿಗೂ ಹೆದರಬೇಕು. ಮದುವೆ ಮನೆಯಲ್ಲಿ ಹಸಿ ಕೋಸಂಬರಿ ಇಲ್ಲ. ಚಕ್ಕೋತ ಹಣ್ಣು ಬೇಡವೆಂದಿದ್ದಾರೆ, ಅದು ಮಾತ್ರೆಯ ಪ್ರಮಾಣವನ್ನು ಏರುಪೇರು ಮಾಡುತ್ತದಂತೆ. ಖರ್ಚೂ ಇದೆ. ಆದರೆ ಎಳನೀರು ಕುಡಿಯುತ್ತಾಳೆ, ಮೊಮ್ಮಗನನ್ನು ಎತ್ತಿಕೊಳ್ಳುತ್ತಾಳೆ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ತೀರಿಕೊಂಡು ಮನೆಯವರು ಅಂಗಗಳನ್ನು ದಾನ ಮಾಡಿದರಲ್ಲ, ಆ ದಿನ ಅಕ್ಕ ಟಿವಿ ಮುಂದಿಂದ ಏಳಲಿಲ್ಲ. “ಯಾರ ಮನೇಲಿ ಇವತ್ತು ಫೋನ್ ಬಂತೋ” ಅಂತ ಒಂದೇ ಮಾತು. ಆಮೇಲೆ ನಾನೂ ಅಂಗದಾನಕ್ಕೆ ಹೆಸರು ಬರೆಸಿದೆ. ಸತ್ತ ಮೇಲಿನದು, ಸುಲಭದ್ದು.

ಕಳೆದ ದೀಪಾವಳಿಗೆ ಚನ್ನಗಿರಿಗೆ ಹೋದಾಗ ಮೂವರೂ ಸೂಳೆಕೆರೆಗೆ ಹೋದೆವು. ಅವ್ವನಿಗೆ ಈಗ 74. ಕೆರೆ ಕಟ್ಟಿಸಿದ ಶಾಂತವ್ವನ ಕಥೆಯನ್ನು ಅವಳು ಪ್ರತಿ ಸಲವೂ ಹೊಸದೆಂಬಂತೆ ಹೇಳುತ್ತಾಳೆ. ಏರಿಯ ಮೇಲೆ ಕೂತು ಬುತ್ತಿ ಬಿಚ್ಚಿದೆವು. ಅಕ್ಕ ಬಾಟಲಿಯ ನೀರನ್ನು ನಿಲ್ಲಿಸದೆ ಕುಡಿದಳು. ಆ ಯುಗಾದಿಯ ಮಾತನ್ನು ಅವಳು ಇವತ್ತಿಗೂ ಎತ್ತಿಲ್ಲ. ನಾನೇ ಅಂದು, “ಅಕ್ಕ, ಆವತ್ತು ನಾನು…” ಎಂದು ಶುರು ಮಾಡಿದೆ. “ರೊಟ್ಟಿ ಆರತೈತಿ, ತಿನ್ನು” ಅಂದಳು. ಮಾತ್ರೆಯ ಹೊತ್ತಿಗೆ ಮನೆ ಸೇರಬೇಕಿತ್ತು. ಅವ್ವ ಆಗಲೇ ಸೆರಗು ಕೊಡವಿ ಎದ್ದಿದ್ದಳು.